ಬೈಗುಳ ಬಾರದ ಮಧ್ಯಾಹ್ನ

ಓಲ್ಡ್ ಟೌನ್‌ನಲ್ಲಿ ಉಜ್ಜನಪ್ಪನದು ಪಾತ್ರೆ ಅಂಗಡಿ. ದಿನವಿಡೀ ಕೊಡಪಾನ ತಟ್ಟಿ ತೋರಿಸುವುದು, ಕೊಳಗ ಕುಟ್ಟಿ ತೋರಿಸುವುದು, ಗಂಟಲು ಹರಿಯುವಂತೆ ಚೌಕಾಸಿ ಮಾಡುವುದು. ಸದ್ದೇ ಅವನ ಕಸುಬು. ಅಂಥವನಿಗೆ ದೇವರು ಗಂಟು ಹಾಕಿದ್ದು ಅರೆತಲೆನೋವಿನ ಪದ್ಮಮ್ಮನನ್ನು. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ಪದ್ಮಮ್ಮನ ತಲೆನೋವು ಹೇಳಿಯೇ ಬರುತ್ತಿತ್ತು. ಮೊದಲು ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕಿನ ಗೆರೆ, ಆಮೇಲೆ ಅರ್ಧ ತಲೆ ಸಿಡಿಯುವಂಥ ನೋವು. ಮೈಗ್ರೇನ್ ಎಂದಿದ್ದರು ಡಾಕ್ಟರು. ಆ ದಿನಗಳಲ್ಲಿ ಉಜ್ಜನಪ್ಪ ಜನ್ನಾಪುರದ ಮನೆಯಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತಿದ್ದ. ಕಿಟಕಿ ಮುಚ್ಚಿ, ಅವಳ ಹಣೆಗೆ ಒದ್ದೆ ಬಟ್ಟೆ ಕಟ್ಟಿ, ಕುಕ್ಕರಿಗೆ ರಜೆ ಕೊಟ್ಟು ಅನ್ನ ಬಸಿಯುತ್ತಿದ್ದ. ಇಷ್ಟಾದರೂ ಲೋಟವೋ ಸೌಟೋ ಕೈತಪ್ಪಿ ಬೀಳದೆ ಇರುತ್ತಿರಲಿಲ್ಲ. ಕೂಡಲೇ ಕತ್ತಲ ಕೋಣೆಯಿಂದ ಬರುತ್ತಿತ್ತು:

“ಅಂಗಡಿನ ಮನೆಗೇ ಹೊತ್ಕೊಂಡ್ ಬಂದ್ರೇನ್ರೀ?”

ಮದುವೆಯಾದಾಗಿನಿಂದ ಅದೇ ಬೈಗುಳ. ಹೆಂಡತಿಗೆ ಹೆದರುತ್ತಾನೆಂದು ಬೀದಿಯವರು ಆಡಿಕೊಂಡರೆ, ಹೌದು, ಹೆದರುತ್ತೇನೆ, ನಿಮಗೇನು ನಷ್ಟ ಎನ್ನುತ್ತಿದ್ದ. ಅದು ನಿಜವೂ ಆಗಿತ್ತು, ಪ್ರೀತಿಯೂ ಆಗಿತ್ತು.

ಈಚೆಗೆ ಅವಳು ಹೊಸದೊಂದು ಹೇಳತೊಡಗಿದ್ದಳು. ಎದೆಯೊಳಗೆ ಏನೋ ಪಟಪಟ ಹೊಡೆದುಕೊಳ್ಳುತ್ತದೆ, ಆಮೇಲೆ ತಾನೇ ಸುಮ್ಮನಾಗುತ್ತದೆ. ಗ್ಯಾಸ್ ಇರಬೇಕೆಂದು ಇಬ್ಬರೂ ಜೀರಿಗೆ ಕಷಾಯ ಕುಡಿದರು. ಉಜ್ಜನಪ್ಪ ಯಾಕೆ ಕುಡಿದನೋ ಅವನಿಗೇ ಗೊತ್ತಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವಳು ತಲೆ ಹಿಡಿದುಕೊಂಡು ಹೋಗಿ ಮಲಗಿದಳು. ಉಜ್ಜನಪ್ಪ ಕಿಟಕಿ ಮುಚ್ಚಿದ, ಬಟ್ಟೆ ಕಟ್ಟಿದ, ಅನ್ನಕ್ಕಿಡಲು ಅಡುಗೆಮನೆಗೆ ಬಂದ. ದೊಡ್ಡ ಕೊಳಗದ ಮುಚ್ಚಳ ಕೈಜಾರಿ ಬಿದ್ದು, ಢಣಢಣ ಎನ್ನುತ್ತಾ ನಡುಮನೆಯವರೆಗೂ ಉರುಳಿತು. ಅವನು ನಾಲಿಗೆ ಕಚ್ಚಿಕೊಂಡು ಕಾದ. ಬೈಗುಳ ಬರಲಿಲ್ಲ.

ನಿದ್ದೆ ಹತ್ತಿರಬೇಕು, ಎಬ್ಬಿಸಬೇಡ ಎಂದಿತು ಬುದ್ಧಿ. ಕಾಲು ಕೇಳಲಿಲ್ಲ.

ಪದ್ಮಮ್ಮನ ಕಣ್ಣು ತೆರೆದೇ ಇತ್ತು. ಬಾಯಿಯ ಒಂದು ಬದಿ ಜೋತುಬಿದ್ದಿತ್ತು. ಅವಳು ಬೈಯಲು ಹೆಣಗುತ್ತಿದ್ದಳು, “ಅಂಗ್... ಅಂಗ್...” ಎನ್ನುವುದಷ್ಟೇ ಹೊರಟಿತು. ಅವನು ಅವಳ ಬಲಗೈ ಹಿಡಿದೆತ್ತಿದ. ಬಿಟ್ಟರೆ ಅದು ದೊಪ್ಪನೆ ಹಾಸಿಗೆಗೆ ಬಿತ್ತು. ಎಂಥ ತಲೆನೋವಿನಲ್ಲೂ ಹೀಗಾಗಿರಲಿಲ್ಲ.

ತಾನೇ ಮುಚ್ಚಿದ ಕಿಟಕಿಯನ್ನು ತಾನೇ ದಡಾರನೆ ತೆರೆದು, ಎದುರುಮನೆಯ ಜ್ಞಾನೇಶನಿಗೆ ಕಾರು ತೆಗೆಯುವಂತೆ ಉಜ್ಜನಪ್ಪ ಸಂತೆಯ ಗಂಟಲಿನಲ್ಲಿ ಕೂಗಿದ. ಆ ಕೋಣೆಯಲ್ಲಿ ಅವನು ದನಿಯೆತ್ತಿದ್ದು ಅದೇ ಮೊದಲು. ಶಿವಮೊಗ್ಗದವರೆಗೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇಡುತ್ತಲೇ ಇದ್ದ:

“ಬೈಯಿ ಮಾರಾಯ್ತಿ. ಏನಾದ್ರೂ ಬೈಯಿ.”

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಇದು ಲಕ್ವ, ಮಿದುಳಿನ ನಾಳಕ್ಕೆ ರಕ್ತದ ಹೆಪ್ಪು ಅಡ್ಡ ಕೂತಿದೆ ಎಂದರು. ಕರಗಿಸುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಡಾಕ್ಟರು ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಪದ್ಮಮ್ಮನ ಎದೆಬಡಿತ ಲಯ ತಪ್ಪಿದೆ. ಹಾಗಾದಾಗ ಹೃದಯದೊಳಗೆ ರಕ್ತ ನಿಂತು ಹೆಪ್ಪುಗಟ್ಟಿ ತಲೆಗೇರಬಹುದು. ಕಣ್ಣಿಗೆ ಬೆಳಕು ಕಂಡು ಬರುವ ಮೈಗ್ರೇನ್ ಇದ್ದವರಲ್ಲಿ ಇಂಥ ಬಡಿತವೂ ಲಕ್ವವೂ ಉಳಿದವರಿಗಿಂತ ತುಸು ಹೆಚ್ಚು. ಯಾಕೆಂದು ಇನ್ನೂ ಪೂರ್ತಿ ಗೊತ್ತಿಲ್ಲ. ಎದೆ ಪಟಪಟ ಎಂದಾಗಲೇ ಬರಬೇಕಿತ್ತು. ಉಜ್ಜನಪ್ಪನಿಗೆ ಜೀರಿಗೆ ಕಷಾಯ ನೆನಪಾಗಿ ತಲೆ ತಗ್ಗಿತು.

ಹಳೇ ತಲೆನೋವೇ ಎಂದು ಎಷ್ಟೋ ಜನ ಮಲಗಿಸಿಬಿಡುತ್ತಾರೆ, ನಿಮಗೆ ಹೇಗೆ ತಿಳಿಯಿತು ಎಂದು ಡಾಕ್ಟರು ಕೇಳಿದರು.

“ಬೈಲಿಲ್ಲ ಸಾರ್,” ಎಂದ ಉಜ್ಜನಪ್ಪ.

ಮರುದಿನ ಬಲಗೈ ಅಲ್ಲಾಡಿತು. ಬಾಯಿಯೂ ಮುಕ್ಕಾಲು ನೆಟ್ಟಗಾಯಿತು. ಮಾತು ಮಾತ್ರ ಹೊರಡಲಿಲ್ಲ. ಬರಬಹುದು, ಕಾಯಬೇಕು ಎಂದರು. ಕಾಯುವುದು ಉಜ್ಜನಪ್ಪನ ಜಾಯಮಾನವಲ್ಲ. ಸಂಜೆಯವರೆಗೆ ಹೇಗೋ ತಡೆದುಕೊಂಡ. ಆಮೇಲೆ ಅತ್ತಿತ್ತ ನೋಡಿ, ಅಂಗಡಿಯಿಂದ ತರಿಸಿದ್ದ ಹೊಸ ಸ್ಟೀಲ್ ತಟ್ಟೆಯನ್ನು ಬೇಕೆಂದೇ ನೆಲಕ್ಕೆ ಬಿಟ್ಟ.

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ನರ್ಸಮ್ಮ ಗದರಿಸುತ್ತಾ ಬಂದರು. ಅವನಿಗೆ ಅದೊಂದೂ ಕೇಳಿಸಲಿಲ್ಲ. ಅವನ ಕಣ್ಣು ಪದ್ಮಮ್ಮನ ತುಟಿಯ ಮೇಲಿತ್ತು. ಆ ತುಟಿ ಅಲುಗಿತು, ತಡವರಿಸಿತು.

“ಅಂಗ್ಡಿ...” ಎಂದು ಅವಳು ಉಸಿರು ತೆಗೆದುಕೊಂಡಳು. “ಇಲ್ಗೂ... ತಂದ್ರೇನ್ರೀ?”

ತಟ್ಟೆ ಎತ್ತಲು ಬಗ್ಗಿದ ಉಜ್ಜನಪ್ಪ ಅಲ್ಲೇ ನೆಲದ ಮೇಲೆ ಕುಳಿತು, ಸದ್ದು ಮಾಡಿಯೇ ಅತ್ತುಬಿಟ್ಟ.