ಕಲ್ಲಿಗೆ ಹೇಳಿದ ಸಾವು

ನನ್ನ ಗಂಡ ಓಬಯ್ಯ ಸತ್ತದ್ದು ಚಿರತೆಯ ಬಾಯಿಗೆ ಸಿಕ್ಕಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇವತ್ತು ಮಡಕಶಿರಾ ಸಂತೆಯಲ್ಲಿ ನಿಂತು ಯಾರನ್ನು ಕೇಳಿದರೂ, "ರನ್ನರ್ ಓಬಯ್ಯನಾ? ಪಾಪ, ಸರ್ಕಾರದ ಟಪಾಲು ಉಳಿಸೋಕ್ ಹೋಗಿ ಚಿರತೆ ಬಾಯಿಗೆ ಬಿದ್ದ" ಅಂತಲೇ ಹೇಳುತ್ತಾರೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ, ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲಿ. ಒಂದು ಸುಳ್ಳು ಹೇಳುವುದಕ್ಕೆ ಎರಡೆರಡು ಭಾಷೆ ಬೇರೆ ಕೇಡು ಇವರಿಗೆ!

ನನ್ನ ಹೆಸರು ದುರುಗಕ್ಕ. ತವರು ರಾಯದುರ್ಗದ ಕಡೆ, ಬೆಳುಗುಪ್ಪ. ನಮ್ಮಪ್ಪ ಕುರಿ ಮಂದೆ ಹೊಡೆದುಕೊಂಡು ಮೇವು ಹುಡುಕುತ್ತ ಈ ಸೀಮೆಗೆ ಬಂದಾಗ ಕುದುರಿದ ಸಂಬಂಧ ಇದು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಮಾತು ಕೇಳಿ ಇಲ್ಲಿನ ಹೆಂಗಸರು "ಹೌದ್ರೀ, ಬರ್ರೀ" ಅಂತ ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದರು. ಊರಿನ ಹೆಸರು ಬೇಡ ಬಿಡಿ, ಹೇಳಿದರೆ ನನ್ನ ನಾಲಿಗೆ ಕಹಿಯಾಗುತ್ತದೆ. ರತ್ನಗಿರಿಯ ಕೋಟೆ ಗುಡ್ಡ ಕಾಣುವ ಊರು ಅಂದರೆ ಸಾಕು.

ಮಡಕಶಿರಾದ ತನಕ ಟಪಾಲು ಮೋಟಾರಿನಲ್ಲಿ ಬರುತ್ತಿತ್ತು. ಅಲ್ಲಿಂದ ಈಚೆಗೆ ಚೀಲ ನನ್ನ ಗಂಡನ ಹೆಗಲಿಗೆ. ರೊಳ್ಳ ದಾಟಿ ರತ್ನಗಿರಿ ಮುಟ್ಟುವವರೆಗೂ ಓಟ, ಮಾರನೆಯ ದಿನ ವಾಪಸು ಓಟ. ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಗೆಜ್ಜೆ ಸದ್ದು ಕೇಳಿದರೆ ಎತ್ತಿನ ಗಾಡಿಗಳು ಪಕ್ಕಕ್ಕೆ ಸರಿಯಬೇಕು ಅಂತ ಕಾನೂನಂತೆ. ಈ ಪುಣ್ಯಾತ್ಮ ಮಾತ್ರ ಎತ್ತುಗಳಿಗೇ ದಾರಿ ಬಿಟ್ಟು ತಾನು ಬದುವಿನ ಮೇಲೆ ಹಾರಿ ಹೋಗುತ್ತಿದ್ದ.

"ಪಾಪ, ಭಾರ ಹೊತ್ತವು ಅವು" ಅನ್ನುವನು.

"ನೀನೇನು ಹೂವು ಹೊತ್ತೀಯೇನು?" ಅಂತ ನಾನು ಬೈದರೆ, "ನಾನು ಸರ್ಕಾರದ ಕುದ್ರೆ ಕಣೇ ದುರುಗಿ, ಬೇಗ ಹುರುಳಿ ಹಾಕು" ಅಂತ ತಟ್ಟೆ ಮುಂದೆ ಕೂರುವನು. ಅಂಥವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಿ?

ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಓಡುತ್ತಿದ್ದ, ಮಗಳು ಕದರಮ್ಮ ಮದುವೆಗೆ ಬರುವವರೆಗೂ ಓಡಿದ. ಟಪಾಲಿನ ಜೊತೆಗೆ ಊರವರ ಚಾಕರಿಯನ್ನೂ ಹೊರುತ್ತಿದ್ದ. ಬಾಣಂತಿಗೆ ಖಾರದ ಸಾಮಾನು, ಮುದುಕರಿಗೆ ಕಣ್ಣಿನ ಔಷಧ, ಹೊಸ ಸೊಸೆಯಂದಿರಿಗೆ ಬಳೆ. ಅದಕ್ಕೆ ಊರವರೂ ಪ್ರೀತಿ ತೋರಿಸಿದರು, ಇಲ್ಲವೆನ್ನುವುದಿಲ್ಲ. ಊರ ಬಾಗಿಲಿಗೇ ಇರುವ ಗುರುಬಸಮ್ಮನ ಮನೆ ಜಗುಲಿಯ ಮೇಲೆ ಒಂದು ಚೊಂಬು ಮಜ್ಜಿಗೆ ಅವನಿಗೆಂದೇ ಕಾದಿರುತ್ತಿತ್ತು. ಆಕೆಯ ಮಗ ದುಡಿಯಲು ರಂಗೂನಿಗೆ ಹೋಗಿದ್ದ. ಮಗನ ಮೊದಲ ಕಾಗದ ತಂದುಕೊಟ್ಟ ದಿನ ಆಯಮ್ಮ ಇವನ ಕೆನ್ನೆ ಸವರಿ ನೆಟಿಕೆ ಮುರಿದು, "ನನ್ನ ಹೊಟ್ಟೇಲಿ ಹುಟ್ಟಬೇಕಾಗಿತ್ತು ಕಣಪ್ಪ ನೀನು" ಅಂದಿದ್ದಳು. ಇವನು ಅದನ್ನು ನನಗೆ ಹೇಳಿ ಹೇಳಿ ಬೀಗಿದ.

ಓಡುವವನ ಬಾಯಿ ಒಣಗಬಾರದು ಅಂತ ಹಳೇ ರನ್ನರುಗಳು ಹೊಸಬರಿಗೆ ಒಂದು ಚಾಳಿ ಕಲಿಸುತ್ತಿದ್ದರು. ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕಿ ಕೆನ್ನೆಯೊಳಗೆ ಒತ್ತಿಕೊಳ್ಳುವುದು. ಹಸಿವೂ ತಿಳಿಯುವುದಿಲ್ಲ, ಬಾಯಾರಿಕೆಯೂ ತಿಳಿಯುವುದಿಲ್ಲ, ಕಾಲು ತಾನಾಗಿ ಓಡುತ್ತದೆ. ಇವನು ಅಷ್ಟು ವರ್ಷವೂ ಎಡಗೆನ್ನೆಯಲ್ಲಿ ಅದೇ ಜಾಗಕ್ಕೆ ಒತ್ತಿದ. ಆ ಜಾಗದಲ್ಲೇ ಹುಣ್ಣು ಎದ್ದಿತು.

ಮೊದಲು ಹಲ್ಲಿನ ದೋಷ ಅಂದುಕೊಂಡೆವು. ಲವಂಗ ಇಟ್ಟೆವು, ನಾಟಿ ಔಷಧ ಮಾಡಿದೆವು, ಹರಕೆ ಕಟ್ಟಿದೆವು. ಹುಣ್ಣು ಕೇಳಲಿಲ್ಲ. ಕೆನ್ನೆ ಊದಿ ಒಳಗಿನಿಂದ ಹೊರಕ್ಕೆ ತೂತು ಬಿದ್ದ ಮೇಲೆ ದೂರದ ಮಿಷನ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ದೊರಸಾನಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮುರುಕು ತೆಲುಗಿನಲ್ಲಿ ಹೇಳಿದಳು. ಇದಕ್ಕೆ ಕ್ಯಾನ್ಸರ್ ಅನ್ನುತ್ತಾರೆ, ಬರುವುದು ತಡವಾಯಿತು, ಇನ್ನು ಕತ್ತರಿಸಿ ಪ್ರಯೋಜನವಿಲ್ಲ. ಇನ್ನೊಂದು ಮಾತನ್ನು ನನ್ನ ಕೈ ಹಿಡಿದುಕೊಂಡು ಎರಡೆರಡು ಸಲ ಹೇಳಿದಳು. ಇದು ಅಂಟುವ ರೋಗವಲ್ಲ, ಅವನ ಪಕ್ಕದಲ್ಲೇ ಕೂತು ಉಣ್ಣಿ, ಏನೂ ಆಗುವುದಿಲ್ಲ.

ಆ ಮಾತನ್ನು ಮನೆ ಮನೆಗೆ ಹೋಗಿ ಹೇಳಿದೆ. "ಅಂಟಂಗಿಲ್ರೀ ಇದು, ಡಾಕ್ಟರಮ್ಮನೇ ಹೇಳ್ಯಾಳ" ಅಂತ ಕೈ ಮುಗಿದೆ. ಹೂಂ, ಹೂಂ ಅಂದರು. ಮಾರನೆಯ ದಿನವೇ ಗುರುಬಸಮ್ಮನ ಜಗುಲಿಯ ಮೇಲಿನ ಚೊಂಬು ಮಾಯ! ರಂಗೂನಿನ ಕಾಗದ ಬಂದರೆ "ಅಲ್ಲೇ ಕಲ್ಲಿನ ಮೇಲೆ ಇಟ್ಟೋಗಪ್ಪ" ಅಂತ ಒಳಗಿನಿಂದಲೇ ಕೂಗುತ್ತಿದ್ದಳು. ಇವನು ಮರೆಯಾದ ಮೇಲೆ ಒಲೆಯ ಇಕ್ಕಳ ತಂದು ಕಾಗದವನ್ನು ಎತ್ತಿ, ಸಾಂಬ್ರಾಣಿ ಹೊಗೆ ಹಿಡಿದು ಆಮೇಲೆ ಬಿಚ್ಚುತ್ತಿದ್ದಳು. ಇದು ನನ್ನ ಕಣ್ಣಾರೆ ಕಂಡದ್ದು. ಹೊಟ್ಟೆಯಲ್ಲಿ ಹುಟ್ಟಬೇಕಾಗಿತ್ತಂತೆ, ಹೊಟ್ಟೆಯಲ್ಲಿ!

ಆಕೆಯೊಬ್ಬಳೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಗೆಜ್ಜೆ ಸದ್ದು ಕೇಳಿದರೆ ತಾಯಂದಿರು ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿಕೊಳ್ಳತೊಡಗಿದರು. ಅದು ಇವನಿಗೂ ತಿಳಿಯಿತು. ಒಂದು ದಿನ ನೋಡುತ್ತೇನೆ, ಊರು ಹತ್ತಿರವಾದ ಕೂಡಲೆ ಈಟಿಯ ಗೆಜ್ಜೆಗೆ ಬಟ್ಟೆ ಸುತ್ತಿ, ಮುಖಕ್ಕೂ ಬಟ್ಟೆ ಸುತ್ತಿಕೊಂಡು, ಕಳ್ಳನ ಹಾಗೆ ಗೋಡೆ ಪಕ್ಕದಲ್ಲಿ ನಡೆದು ಬರುತ್ತಿದ್ದಾನೆ. "ಯಾಕ ಹಿಂಗ ಮಾಡ್ತೀ?" ಅಂತ ಗದರಿದೆ. ಮಾತು ಆಗಲೇ ತೊದಲುತ್ತಿತ್ತು. "ಮಕ್ಳು ಹೆದ್ರಿಕೊಂತವೆ ಬಿಡೇ" ಅಂದ. ಅವತ್ತು ನಾನು ಈ ಊರಿಗೆ ಹಾಕಿದ ಶಾಪ ಒಂದಾದರೂ ತಟ್ಟಿದ್ದರೆ ಇಲ್ಲಿ ಒಂದು ಗೋಡೆಯೂ ನಿಂತಿರುತ್ತಿರಲಿಲ್ಲ.

ಓಡಲಾಗದೆ ಕೆಲಸ ಬಿಟ್ಟು ಬಂದ ವಾರದಲ್ಲೇ ಊರ ಯಜಮಾನ ಮರುಳಪ್ಪ ನಮ್ಮ ಅಂಗಳಕ್ಕೆ ಬಂದ. ಬಂದ ಅಂದರೆ ಬೇಲಿಯ ಆಚೆಗೇ ನಿಂತ. "ಊರಾಗೆ ಎಳೆ ಮಕ್ಳವೆ ಕಣಮ್ಮ. ಹೊಲದ ಗುಡಿಸಲಲ್ಲಿ ಇಟ್ಕಳಿ" ಅಂದ. ನಾನು ಕೂಗಾಡಿದೆ, ಮಣ್ಣು ತೂರಿದೆ. ನನ್ನ ಗಂಡ ಕಂಬಳಿ ಸುತ್ತಿಕೊಂಡು ಹೊರಟೇಬಿಟ್ಟ. ಕೊನೆಯ ತಿಂಗಳುಗಳನ್ನು ಆ ಗುಡಿಸಲಲ್ಲಿ ಕಳೆದ. ದವಡೆ ಬಿಚ್ಚಲು ಬರುತ್ತಿರಲಿಲ್ಲ. ಕದರಮ್ಮ ಬಟ್ಟೆಯ ಬತ್ತಿಯನ್ನು ಅಂಬಲಿಯಲ್ಲಿ ಅದ್ದಿ ಹನಿ ಹನಿಯಾಗಿ ಹಿಂಡುತ್ತಿದ್ದಳು. ಹುಳ ಬಿದ್ದ ಗಾಯವನ್ನು ಬೇವಿನ ನೀರಿನಲ್ಲಿ ತೊಳೆಯುತ್ತಿದ್ದವಳೂ ಅವಳೇ, ಒಂದು ದಿನವೂ ಮೂಗು ಮುಚ್ಚಿಕೊಂಡವಳಲ್ಲ. ನಾನು ಹೊರಗೆ ಹೋಗಿ ಅಳುತ್ತಿದ್ದೆ, ಅವಳು ಅಪ್ಪನ ಮುಂದೆ ಕೂತು ಏನೇನೋ ಹಾಡು ಹೇಳುತ್ತಿದ್ದಳು.

ಒಂದು ಮಟಮಟ ಮಧ್ಯಾಹ್ನ ಪ್ರಾಣ ಹೋಯಿತು. ಹೊರಲು ನಾಲ್ಕು ಜನ ಸಿಗಲಿಲ್ಲ. ನನ್ನ ಮೈದುನ ಒಬ್ಬ, ಊರ ತಮಟೆ ಬಾರಿಸುವ ಹೊನ್ನೂರಪ್ಪ ಒಬ್ಬ, ಇಬ್ಬರೇ ಗಂಡಸರು. ಹೆಣವನ್ನು ಕಂಬಳಿಯಲ್ಲಿ ಮಲಗಿಸಿ ಉಳಿದ ಎರಡು ತುದಿ ನಾನೂ ಮಗಳೂ ಹಿಡಿದೆವು. ಅಷ್ಟು ವರ್ಷ ಊರಿನ ಭಾರ ಹೊತ್ತವನು ಎಷ್ಟು ಹಗುರವಾಗಿದ್ದ ಅಂದರೆ, ನಮಗೆ ನಾಲ್ವರೂ ಬೇಕಾಗಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವರನ್ನು ಮರೆತುಬಿಡುತ್ತಿದ್ದೆನೇನೋ. ಆದರೆ ಮರುವರ್ಷ ಊರಿನ ಮಕ್ಕಳಿಗೆ ಜ್ವರ ಹತ್ತಿಕೊಂಡಿತು. ಗುರುಬಸಮ್ಮನ ಮೊಮ್ಮಗ ಎದ್ದು ಕೂರದಂತಾದ. ಶಾಸ್ತ್ರ ಹೇಳುವವಳ ಹತ್ತಿರ ಓಡಿದರು. ಓಬಯ್ಯ ಹಸಿದುಕೊಂಡು ದಾರಿಯಲ್ಲೇ ತಿರುಗುತ್ತಿದ್ದಾನೆ, ಕಲ್ಲು ನಿಲ್ಲಿಸಿ ಕೂರಿಸಿ ಅಂತ ಅವಳು ಹೇಳಿಬಿಟ್ಟಳು. ಆಗ ನೆನಪಾದ ನೋಡಿ ನನ್ನ ಗಂಡ!

ನಮ್ಮೂರಲ್ಲಿ ಸತ್ತವರಿಗೆಲ್ಲ ಕಲ್ಲು ನಿಲ್ಲಿಸುವುದಿಲ್ಲ. ಊರಿನ ಕೆಲಸ ಮಾಡುತ್ತ ಮೃಗದ ಬಾಯಿಗೋ ಕಳ್ಳರ ಕೈಗೋ ಸಿಕ್ಕಿ ಸತ್ತವನಿಗೆ ಮಾತ್ರ. ಹುಣ್ಣಾಗಿ ಮಲಗಿ ಸತ್ತವನಿಗೆ ನಿಲ್ಲಿಸಿದರೆ ಊರಿಗೇ ರೋಗ ಅನ್ನುತ್ತಾರೆ. ಇನ್ನೊಂದು ಕಟ್ಟಳೆಯೂ ಇದೆ. ಕಲ್ಲು ನೆಟ್ಟ ಮೇಲೆ ಸತ್ತವನ ಕಣ್ಣು ಮುಚ್ಚಿದವರು ಬಂದು ಮೊದಲ ಕೊಡ ನೀರು ಹುಯ್ದು, ಅವನ ಹೆಸರು ಹೇಳಿ, ಹೇಗೆ ಸತ್ತ ಅನ್ನುವುದನ್ನು ಬಾಯಿಬಿಟ್ಟು ಕಲ್ಲಿಗೆ ಹೇಳಬೇಕು. ಹೇಳುವ ತನಕ ಅದು ಬರೀ ಕಲ್ಲು, ಯಾರೂ ಕಾಯಿ ಒಡೆಯುವುದಿಲ್ಲ. ನನ್ನ ಗಂಡನ ಕಣ್ಣು ಮುಚ್ಚಿದವಳು ನಾನು.

ಹಾಗಾಗಿ ಮರುಳಪ್ಪ ಮತ್ತೆ ಬಂದ. ಈ ಸಲ ಬೇಲಿ ದಾಟಿ, ನಡುಮನೆಗೇ ಬಂದು, ಚಾಪೆಯ ಮೇಲೇ ಕೂತ.

"ಕಲ್ಲು ಕೆತ್ತಿಸಿ ಆಯ್ತು ದುರುಗಕ್ಕ. ಓಬಯ್ಯ ಈಟಿ ಹಿಡ್ದವ್ನೆ, ಚಿರತೆ ಮೇಲೆ ಹಾರ್ತಾ ಐತೆ. ನೀನು ನೀರು ಹುಯ್ದು ಚಿರತೆ ಅಂತ ಒಂದು ಮಾತು ಹೇಳಿದ್ರೆ ಆಯ್ತು."

"ಯಾವ ಚಿರತಿರೀ? ನಾ ಕಂಡಿದ್ದು ಬಾಗಲಾ ಹಾಕ್ಕೊಂಡಿದ್ದ ನಿಮ್ಮನ್ನ" ಅಂದೆ.

ಅವನು ಸಿಟ್ಟಾಗಲಿಲ್ಲ. ಕದರಮ್ಮ ರಾಗಿ ಬೀಸುತ್ತಿದ್ದ ಕಡೆ ನೋಡಿ ದನಿ ತಗ್ಗಿಸಿದ. "ಹೇಮಾವತಿ ಊರಿನ ತಿಪ್ಪಯ್ಯ ಮಗನಿಗೆ ಅಂತ ನಿನ್ ಮಗಳನ್ನ ಒಪ್ಪಿ ಹೋದೋನು ಆಮೇಲೆ ಯಾಕೆ ಸದ್ದಿಲ್ಲ, ಗೊತ್ತಾ? ಹುಣ್ಣಿನ ಮನೆ ಅಂತ ಯಾರೋ ಕಿವಿಗೆ ಹಾಕವ್ರೆ. ಅದೆಲ್ಲ ಸುಳ್ಳು, ಚಿರತೆ ಹಿಡೀತು ಅಂತ ನಾನೇ ಹೇಳಿ ಕಳ್ಸಿದೀನಿ. ಕಲ್ಲು ನಿಲ್ಲಿಸೋ ದಿನ ಮಗನ್ನ ಕರ್ಕೊಂಡು ಬತ್ತಾನಂತೆ. ಕಲ್ಲು ನಿಂತ ಮನೆ ಹೆಣ್ಣು ಅಂದ್ರೆ ಯಾರು ಬ್ಯಾಡ ಅಂತಾರೆ, ಹೇಳು? ಯೋಚ್ನೆ ಮಾಡು."

ಅವನು ಹೋದ ಮೇಲೆ ಬೀಸುವ ಕಲ್ಲಿನ ಸದ್ದು ನಿಂತಿತು.

"ಏನ್ ಹೇಳ್ತೀಯವ್ವ?" ಅಂದಳು ಕದರಮ್ಮ.

"ಇದ್ದದ್ದನ್ನ ಹೇಳ್ತೀನಿ. ಅಷ್ಟೂ ಜನದ ಮುಂದ ಹೇಳ್ತೀನಿ. ಅದಕ್ಕೇ ಹೋಗ್ತೀನಿ."

ಅವಳು ಇನ್ನೊಂದು ಹಿಡಿ ರಾಗಿ ಹಾಕಿ ಬೀಸತೊಡಗಿದಳು. ಆ ಹುಡುಗ ಅವಳ ಮನಸ್ಸಿಗೆ ಬಂದಿದ್ದ ಅಂತ ನನಗೆ ಗೊತ್ತಿಲ್ಲವೇ? ಆದರೆ ನನ್ನ ಗಂಡ ಹೇಗೆ ಸತ್ತ ಅನ್ನುವುದೊಂದೇ ನನ್ನ ಹತ್ತಿರ ಉಳಿದಿದ್ದು. ಅದನ್ನೂ ಇವರು ಕಿತ್ತುಕೊಂಡರೆ ನನಗೇನು ಉಳಿಯುತ್ತದೆ?

ಕಲ್ಲು ನಿಲ್ಲಿಸಿದ ದಿನ ಬೆಳಿಗ್ಗೆ ದಾರಿ ಕವಲೊಡೆಯುವ ಕಡೆ ಇಡೀ ಊರು ಸೇರಿತ್ತು. ಹೆಣ ಹೊರಲು ಸಿಗದಿದ್ದವರೆಲ್ಲ ಮಡಿ ಉಟ್ಟು ಬಂದಿದ್ದರು. ಗುರುಬಸಮ್ಮ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡು ಮುಂದೆಯೇ ನಿಂತಿದ್ದಳು. ಹೇಮಾವತಿಯ ತಿಪ್ಪಯ್ಯ, ಮಗ, ನೆಂಟರು ಒಂದು ಪಕ್ಕಕ್ಕೆ. ಕಲ್ಲಿನ ಮೇಲಿದ್ದ ಗಂಡಸು ನನ್ನ ಗಂಡನ ಹಾಗೆ ಒಂದಿಷ್ಟೂ ಇರಲಿಲ್ಲ. ದಪ್ಪ ಮೀಸೆ, ತುಂಬಿದ ಕೆನ್ನೆ. ಆ ಕೆನ್ನೆ ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

ಕೊಡದ ನೀರು ಹುಯ್ದೆ. ಮದುವೆಯಾದಂದಿನಿಂದ ಹತ್ತು ಜನರ ಮುಂದೆ ಗಂಡನ ಹೆಸರು ಹೇಳಿದವಳಲ್ಲ, ಅವತ್ತು ಗಟ್ಟಿಯಾಗಿ ಹೇಳಿದೆ. "ನನ್ನ ಗಂಡ ಓಬಯ್ಯ..."

ಅಷ್ಟೇ. ತಮಟೆ ಶುರುವಾಯಿತು. ನನ್ನ ಬಾಯಿಂದ ಮುಂದಿನ ಮಾತು ಬರುವುದನ್ನೇ ಕಾದು ಬಾರಿಸಿದ ಹಾಗೆ. ಹೊನ್ನೂರಪ್ಪನ ಕಡೆ ತಿರುಗಿದೆ. ಹೆಣ ಹೊತ್ತ ಮನುಷ್ಯ ಅವನು. ತಲೆ ಎತ್ತಲಿಲ್ಲ, ಬಾರಿಸುತ್ತಲೇ ಇದ್ದ. ಪಕ್ಕದಲ್ಲಿ ಮರುಳಪ್ಪ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ. ಆಗ ನನಗೆ ಅರ್ಥವಾಯಿತು. ಇವರಿಗೆ ನನ್ನ ಮಾತು ಬೇಕಾಗಿರಲಿಲ್ಲ. ಬಾಯಿ ಆಡಿಸಿದರೆ ಸಾಕಾಗಿತ್ತು.

"ಹುಣ್ಣಾಗಿ ಸತ್ತ!" ಅಂತ ಗಂಟಲು ಹರಿಯುವಂತೆ ಕೂಗಿದೆ. "ಕ್ಯಾನ್ಸರು! ನೀವು ಬಾಗಲಾ ಹಾಕಿದ್ರಿ..."

ಒಂದು ಕೈ ಬಂದು ನನ್ನ ಬಾಯಿ ಮುಚ್ಚಿತು. ಯಾರೋ ಊರವರು ಅಂದುಕೊಂಡು ಕಚ್ಚಲು ಹೋದೆ. ಕದರಮ್ಮನ ಕೈ.

"ಬ್ಯಾಡ ಕಣವ್ವ" ಅಂದಳು ಕಿವಿಯಲ್ಲಿ. ಅಳುತ್ತಿದ್ದಳು. "ಅಪ್ಪ ಸತ್ತಾಯ್ತು. ನಾನಿನ್ನೂ ಬದುಕಬೇಕು."

ಅಷ್ಟರಲ್ಲಿ ತಿಪ್ಪಯ್ಯ ಕೈ ಎತ್ತಿ ತಮಟೆ ನಿಲ್ಲಿಸಿದ. ಒಳ್ಳೆಯ ಮನುಷ್ಯ ಅವನು, ಇವತ್ತಿಗೂ ಹಾಗೇ ಅನ್ನುತ್ತೇನೆ. ಮುಂದೆ ಬಂದು ನನಗೆ ಕೈ ಮುಗಿದ.

"ತಪ್ಪು ತಿಳೀಬ್ಯಾಡಿ ಅಮ್ಮ. ತಮಟೆ ಸದ್ದಿಗೆ ನೀವಂದಿದ್ದು ಕೇಳಿಸ್ಲಿಲ್ಲ. ನಿಮ್ಮ ಬಾಯಿಂದ್ಲೇ ಕೇಳೋಣ ಅಂತ ಬಂದೋನು ನಾನು. ಇನ್ನೊಂದ್ಸಲ ಹೇಳಿ."

ಹೊನ್ನೂರಪ್ಪನ ಕೈ ಕೆಳಗಿಳಿದಿತ್ತು. ಮರುಳಪ್ಪ ಕಣ್ಣು ಬಿಟ್ಟಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಕದರಮ್ಮ ನನ್ನ ಬಾಯಿಯ ಮೇಲಿನ ಕೈ ತೆಗೆದು ಹಿಂದಕ್ಕೆ ಸರಿದಳು. ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತ ನಿಂತಳು. ಗಾಯ ತೊಳೆದು ತೊಳೆದು ಅವಳ ಬೆರಳುಗಳಿಗೆ ಹತ್ತಿದ್ದ ಬೇವಿನ ಕಹಿ ಇನ್ನೂ ನನ್ನ ತುಟಿಯ ಮೇಲೆ ಇದ್ದ ಹಾಗೆ ಅನ್ನಿಸಿತು. ಈಗ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಪಿಸುಗುಟ್ಟಿದ್ದರೂ ಕಟ್ಟಕಡೆಯವನಿಗೆ ಕೇಳಿಸುತ್ತಿತ್ತು.

"ಚಿರತಿ" ಅಂದೆ. "ಚಿರತಿ ಬಾಯಾಗ ಸತ್ತಾನ್ರಿ ನನ್ನ ಗಂಡ."

ಅದು ಎಲ್ಲರಿಗೂ ಕೇಳಿಸಿತು.