ಕಾಮಣ್ಣನ ಹಿಡಿಮಣ್ಣು

೧೯೯೪ರಲ್ಲಿ ಶೇಡಬಾಳದ ವಿರುಪಾಕ್ಷಪ್ಪ ತೀರಿಕೊಂಡಾಗ ಅಥಣಿಯಿಂದ ಫಾದರ್ ಇನಾಸರ ಜೊತೆ ನಾನೂ ಮಣ್ಣಿಗೆ ಹೋಗಿದ್ದೆ. ನಾನು ಅವರ ಅಡಿಗೆಯವನು. ಗಂಡಸರ ಮೇಲೆ ಮನಸ್ಸಿಟ್ಟ ಗಂಡಸರು ಗುರುವಾರಕ್ಕೊಮ್ಮೆ ಅವರ ಬಳಿ ಬಂದು, ಅತ್ತು, ಚಹಾ ಕುಡಿದು ಹೋಗುತ್ತಿದ್ದರು. ವಿರುಪಾಕ್ಷಪ್ಪ ಮತ್ತು ಕಾಮಣ್ಣ ಕೂಡಿಯೇ ಬರುತ್ತಿದ್ದರು. ಹನ್ನೆರಡು ವರ್ಷ ದ್ರಾಕ್ಷಿ ತೋಟದ ಮನೆಯಲ್ಲಿ ಒಟ್ಟಿಗೆ ಬಾಳಿದವರು.

ಕುಣಿಯ ಹತ್ತಿರ ಸತ್ತವನ ಅಣ್ಣ ಮುರಗೆಪ್ಪ ಕಾಮಣ್ಣನನ್ನು ತಡೆದ. "ನೀ ಮಣ್ಣ ಹಾಕಬ್ಯಾಡಲೇ. ಬಳಗದವರು ಹಾಕ್ತಾರ."

"ಆರು ತಿಂಗಳ ಅವನ ಹಾಸಿಗಿ ತೊಳದಾಂವ ಇಂವ," ಅಂದರು ಫಾದರ್. "ಆವಾಗ ಬಳಗ ಎಲ್ಲಿತ್ರಿ?"

"ನೀವು ದೊಡ್ಡವರು, ಸುಮ್ಕಿರ್ರಿ. ಮೊದಲ ಹಿಡಿ ನಿಮ್ದ."

ಯಾವ ಧರ್ಮದ ಗುರು ಬಂದರೂ ಮೊದಲ ಹಿಡಿ ಅವರಿಗೇ ಕೊಡುವುದು ಆ ಮನೆತನದ ರೂಢಿ. ಮುರಗೆಪ್ಪನೇ ಬೊಗಸೆಯಲ್ಲಿ ಮಣ್ಣು ತಂದುಕೊಟ್ಟ. ಆ ಮಣ್ಣನ್ನು ಫಾದರ್ ಸಿಟ್ಟಿನಿಂದ ಕಾಮಣ್ಣನ ಅಂಗೈಗೆ ಸುರಿದರು.

"ಗುರು ಕೊಟ್ಟದ್ದನ್ನ ಕಸ್ಕೊಳ್ಳಾವ್ರು ಮುಂದ ಬರ್ರಿ."

ಯಾರೂ ಬರಲಿಲ್ಲ. ಕಾಮಣ್ಣ ಮಣ್ಣು ಹಾಕಿದ. ಮುರಗೆಪ್ಪ ಪಕ್ಕಕ್ಕೆ ಉಗುಳಿದ. ಅಷ್ಟು ಮಂದಿಯಲ್ಲಿ ಫಾದರ್ ಬಿಟ್ಟರೆ ಕಾಮಣ್ಣನ ಪರವಾಗಿ ಒಬ್ಬನೂ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ನನ್ನ ಮೇಲೇ ನನಗೆ ಬಂದ ಆ ಸಿಟ್ಟು ಇವತ್ತಿಗೂ ಆರಿಲ್ಲ.