ಬೆಲ್ಲಕ್ಕೆ ಹೆದರದ ಧೂಳು

ಜೋಧಪುರದ ಕಲ್ಲುಗಣಿ ಊರುಗಳಲ್ಲಿ ಗಂಡಸು ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ನಾಯಿ ಬೊಗಳಿದ ಹಾಗೆ ಅದೂ ಒಂದು ಸದ್ದು. ಸುಗನಿ ಮಾತ್ರ ಆ ಸದ್ದು ಕೇಳಿದರೆ ಕೈಯ ಕೆಲಸ ಬಿಟ್ಟು ಹೊರಗೆ ಬರುತ್ತಿದ್ದಳು. ಮೈದುನ ಹೀಗೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಈಗ ಗಣಿಯಲ್ಲಿ ಡ್ರಿಲ್ ಹಿಡಿದು ಕಲ್ಲು ಕೊರೆಯುವ ಗಂಡ ಘೇವರ ಕೆಮ್ಮುತ್ತಿದ್ದ.

"ಆಸ್ಪತ್ರೆಗೆ ಹೋಗಿ ಎದೆ ಎಕ್ಸ್‌ರೇ ತೆಗೆಸ್ಕೊಳ್ಳಿ" ಎಂದು ಅವಳು ಗೋಗರೆದರೆ ಅವನು ಗದರುತ್ತಿದ್ದ.

"ಸುಮ್ನಿರೇ. ದಿನಾ ಬೆಲ್ಲ ತಿಂತೀನಿ. ಎಂಥ ಧೂಳಾದ್ರೂ ಕೆಳಗೆ ಎಳ್ಕೊಂಡು ಹೋಗುತ್ತೆ. ನಮ್ಮಪ್ಪ ಹೇಳಿಕೊಟ್ಟಿದ್ದು."

ಆ ಅಪ್ಪ ನಲವತ್ತು ವರ್ಷ ದಾಟಲಿಲ್ಲ ಎಂಬುದನ್ನು ಮಾತ್ರ ಅವನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಒಂದು ದಿನ ಗಣಿಗೆ ಮೃದುಲಾ ರಾಠಿ ಬಂದಳು. ಬಡವರ ಬದುಕನ್ನು, ಅವರ ದುಡಿಮೆಯನ್ನು ಫೋಟೋ ತೆಗೆಯುವುದೇ ಅವಳ ಕೆಲಸ. ಕ್ಯಾಮೆರಾ ಕಂಡದ್ದೇ ಘೇವರ ಉರಿದುಬಿದ್ದ.

"ಏನಮ್ಮಾ, ನಮ್ಮ ಹರಕು ಅಂಗಿ ತೋರ್ಸಿ ಪಟ್ಟಣದಲ್ಲಿ ಬಹುಮಾನ ಹೊಡೀತೀಯಾ?"

"ಬೇಡ ಅಂದ್ರೆ ಈಗಲೇ ಚೀಲಕ್ಕೆ ಹಾಕ್ತೀನಿ, ಭಾಯಿ. ತೆಗೆದ್ರೆ ಮೊದಲು ನಿಮಗೇ ತೋರಿಸ್ತೀನಿ. ನೀವು ಒಪ್ಪದ್ದು ಇನ್ಯಾರಿಗೂ ತೋರ್ಸಲ್ಲ."

"ಹಾಗಾದ್ರೆ ತೆಗಿ. ಮೀಸೆ ಚೆನ್ನಾಗಿ ಬರ್ಲಿ!"

ಮುಂದಿನ ವಾರ ಅವಳು ಫೋಟೋಗಳನ್ನು ತಂದು ಘೇವರನ ಅಂಗಳದ ಮಂಚದ ಮೇಲೆ ಹರಡಿದಳು. ಗಣಿಯ ಗೆಳೆಯರೆಲ್ಲ ಮುತ್ತಿಕೊಂಡು ನಕ್ಕರು. ಒಂದು ಫೋಟೋ ಬಂದಾಗ ನಗು ನಿಂತಿತು.

ಘೇವರ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಾನೆ. ಪಕ್ಕದಲ್ಲೇ ಡ್ರಿಲ್ ಓಡುತ್ತಿದೆ. ಬೆನ್ನ ಹಿಂದೆ ಸಂಜೆಯ ಬಿಸಿಲು. ಆ ಬೆಳಕಿನಲ್ಲಿ ಧೂಳು ಗಿರಣಿಯ ಹಿಟ್ಟಿನಂತೆ ಹೊಳೆಯುತ್ತ ಬೆಲ್ಲದ ಮೇಲೆ, ಮೀಸೆಯ ಮೇಲೆ, ಮೂಗಿನ ಹೊಳ್ಳೆಗಳ ಸುತ್ತ ಮುಸುರಿದೆ.

"ಇಷ್ಟೊಂದು ಎಲ್ಲಿತ್ತು? ನಮ್ಗೆ ಕಾಣ್ಲೇ ಇಲ್ಲ!" ಎಂದ ಗೆಳೆಯ ಖೇತಾರಾಮ.

"ಬಿಸಿಲು ಹಿಂದಿತ್ತು, ಅದಕ್ಕೆ ಕಾಣ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳೇ ಆಳಕ್ಕೆ ಇಳಿಯೋದು" ಎಂದಳು ಮೃದುಲಾ. "ಬೆಲ್ಲ ಹೋಗೋದು ಹೊಟ್ಟೆಗೆ, ಧೂಳು ಹೋಗೋದು ಶ್ವಾಸಕೋಶಕ್ಕೆ. ಎರಡೂ ಭೇಟಿಯೇ ಆಗಲ್ಲ."

"ಮತ್ತೆ ಇಷ್ಟು ವರ್ಷ ತಿಂದ ಬೆಲ್ಲ?" ಎಂದ ಘೇವರ.

"ಸಿಹಿಯಾಗಿತ್ತಲ್ಲ, ಅಷ್ಟೇ ಲಾಭ."

ಗಂಡಸರ ಎದುರು ಗಂಡನೊಡನೆ ನೇರವಾಗಿ ಮಾತಾಡುವ ಪದ್ಧತಿ ಅಲ್ಲಿಲ್ಲ. ಸುಗನಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ಹೇಳಿದಳು:

"ಗೋಡೆಯಪ್ಪ, ಕೇಳಿಸ್ಕೋ. ಇದನ್ನ ನೋಡಿದ ಮೇಲೂ ಎಕ್ಸ್‌ರೇಗೆ ಹೋಗದವ್ರಿಗೆ ನಾಳೆಯಿಂದ ನೀನೇ ರೊಟ್ಟಿ ಸುಟ್ಟು ಹಾಕು!"

ಎಲ್ಲರೂ ಗೊಳ್ಳೆಂದು ನಕ್ಕರು. ಘೇವರ ನಗಲಿಲ್ಲ. ಫೋಟೋವನ್ನೇ ನೋಡುತ್ತ, "ಗೋಡೆಗೆ ಹೇಳು, ನಾಳೆ ಹೊರಡ್ತೀನಿ ಅಂತ" ಎಂದ.

ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಸಣ್ಣ ಸಣ್ಣ ಕಲೆಗಳು ಕಂಡವು. "ಇದು ಕಲ್ಲುಧೂಳಿನ ಗಾಯ, ಮಾಯೋದಲ್ಲ" ಎಂದರು ಡಾಕ್ಟರು. "ಆದ್ರೆ ಬೇಗ ಬಂದಿದೀಯ. ಧೂಳಿನ ಕೆಲಸ ಬಿಟ್ರೆ ಬೆಳೆಯೋದನ್ನ ತಡೀಬಹುದು."

ಘೇವರ ಡ್ರಿಲ್ ಬಿಟ್ಟು ಆಡು ಸಾಕತೊಡಗಿದ. ಆದರೆ ಗೆಳೆಯರನ್ನು ಬಿಡಲಿಲ್ಲ. ಫೋಟೋ ಹಿಡಿದು ಅವರೊಡನೆ ಗುತ್ತಿಗೆದಾರನ ಮುಂದೆ ನಿಂತ.

"ಕಲ್ಲಿಗೆ ನೀರು ಹಾಯಿಸಿ ಕೊರೆಸು, ಧೂಳು ಏಳಲ್ಲ."

"ಈ ಮರಳುಗಾಡಲ್ಲಿ ನೀರು ಎಲ್ಲಿಂದ ತರ್ಲಿ?"

"ಡೀಸೆಲ್ ಎಲ್ಲಿಂದ ತರ್ತೀಯೋ ಆ ದಾರೀಲೇ ತಾ."

ಆ ದಿನ ಯಾರೂ ಡ್ರಿಲ್ ಮುಟ್ಟಲಿಲ್ಲ. ಸಂಜೆಯೊಳಗೆ ನೀರಿನ ಟ್ಯಾಂಕರ್ ಬಂತು.

ಕಲ್ಲು ಕೊರೆಯುವ, ಒಡೆಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಬೆಲ್ಲವನ್ನು ರುಚಿಗೆ ತಿನ್ನಿ, ಔಷಧ ಅಂತ ನಂಬಬೇಡಿ. ನೀರಿಲ್ಲದೆ ಕಲ್ಲು ಕೊರೆಯಬೇಡಿ. ಧೂಳು ತಡೆಯುವ ಮಾಸ್ಕ್ ಕೇಳಿ ಪಡೆಯಿರಿ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿ. ಕೆಮ್ಮು ಬಂದರೆ ನಿಮ್ಮ ಕೆಲಸ ಯಾವುದೆಂದು ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಧೂಳಿನ ಕಾಯಿಲೆಯನ್ನು ಕ್ಷಯ ಅಂದುಕೊಂಡಾರು. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ, ಅದು ಕಾಯುತ್ತದೆ. ನಿಮ್ಮ ಉಸಿರು ಕಾಯುವುದಿಲ್ಲ. ಇವತ್ತೇ ಹೊರಡಿ.